ಎರಡು ಸಾವಿರದ ಐನೂರ ಇಪ್ಪತ್ತೊಂದನೆಯ ಎಲೆ

ಒಂದೂರು. ಆ ಊರಿಗೊಬ್ಬ ಶ್ರೀಮಂತ. ಕೈ ಧಾರಾಳ, ಆದರೆ ಕಣ್ಣು ಸದಾ ಪಕ್ಕದೂರಿನ ಗೌಡರ ಮೇಲೆ. ಗೌಡರು ಹಿಂದಿನ ವರ್ಷ ಮಠದಲ್ಲಿ ಎರಡು ಸಾವಿರದ ಐನೂರ ಇಪ್ಪತ್ತು ಜನಕ್ಕೆ ಊಟ ಹಾಕಿಸಿದ್ದರು. ಇವನು ಬಿಟ್ಟಾನೆಯೇ? ಅದೇ ಮಠದಲ್ಲಿ ಊಟಕ್ಕೆಂದು ಅಷ್ಟೇ ಜನಕ್ಕೆ ಚೀಟಿ ಹಂಚಿ, ಮೇಲೊಂದು ಚೀಟಿ ತನಗೆಂದು ಇಟ್ಟುಕೊಂಡ. ಒಂದು ಹೆಚ್ಚಾಯಿತಲ್ಲ! ಎರಡು ಸಾವಿರದ ಐನೂರ ಇಪ್ಪತ್ತೊಂದು ಎಂದು ಊಟಕ್ಕೆ ಮೊದಲೇ ಕಲ್ಲಿನಲ್ಲಿ ಕೆತ್ತಿಸಿಯೂ ಬಿಟ್ಟ.

ನೋಡಿ, ಆ ಮಠಕ್ಕೊಂದು ಕಟ್ಟಳೆ ಇತ್ತು. ಪಂಕ್ತಿಗಳೆಲ್ಲ ಸಮ ಇರಬೇಕು. ಒಂದೇ ಒಂದು ಎಲೆ ಒಂಟಿಯಾದರೂ ಅನ್ನದ ಮುಚ್ಚಳ ತೆಗೆಯುವಂತಿಲ್ಲ.

ಹತ್ತು ಹತ್ತು ಜನರ ಪಂಕ್ತಿ ಮಾಡಿದರು. ಕೋಲೂರಿಕೊಂಡು ಬಂದ ಒಬ್ಬ ಅಜ್ಜಿ ಉಳಿದಳು. ಎಲ್ಲರನ್ನೂ ಎಬ್ಬಿಸಿ ಒಂಬತ್ತರಂತೆ ಕೂರಿಸಿದರು. ಅಜ್ಜಿ ಉಳಿದಳು. ಎಂಟು? ಉಳಿದಳು. ಏಳು? ಉಳಿದಳು. ಆರು, ಐದು, ನಾಲ್ಕು, ಮೂರು, ಕೊನೆಗೆ ಜೋಡಿ ಜೋಡಿ. ಆಗಲೂ ಅಜ್ಜಿಯೇ ಉಳಿದಳು! ಮಹಾ ಹಠಮಾರಿ ಸಂಖ್ಯೆ ಅದು, ಯಾರ ಭಾಗಕ್ಕೂ ಬಗ್ಗುವುದಿಲ್ಲ. ಎಲ್ಲರನ್ನೂ ಒಂದೇ ಸಾಲಲ್ಲಿ ಕೂರಿಸಬಹುದಿತ್ತು ಅಂತೀರಾ? ಸಾಲು ಗೌಡರ ಜಗಲಿ ಮುಟ್ಟುತ್ತಿತ್ತು!

ಬಿಸಿಲು ಏರಿತು. ಮಕ್ಕಳು ಅಳತೊಡಗಿದವು. ಶ್ರೀಮಂತನಿಗೆ ಚಿಂತೆ ಹತ್ತಿತು. ಕರೆದವರೆಲ್ಲ ಹಸಿದು ಹಿಂದಿರುಗಿದರೆ ನಾಳೆ ಊರಲ್ಲಿ ತಲೆ ಎತ್ತುವುದು ಹೇಗೆ? ಎದ್ದು ಅಜ್ಜಿಯ ಬಳಿ ಹೋದ.

"ಅಜ್ಜಿ, ನೀವೊಬ್ರು ಆಮೇಲೆ ಉಂಡ್ರೆ ಆಗಲ್ವಾ?"

"ಆಗ್ತದಪ್ಪ, ನಂದೇನು. ಬೆಳಗ್ಗಿಂದ ಇಷ್ಟು ಜನಾನ ಎಬ್ಬಿಸಿ ಎಬ್ಬಿಸಿ ಕೂರಿಸಿದ್ರಿ. ನಿನ್ನ ಎಲೆ ಮಾತ್ರ ಒಂದ್ಸಲಾನೂ ಅಲುಗಲಿಲ್ವಲ್ಲ, ಯಾಕೆ?"

ಅವನು ತಿರುಗಿ ನೋಡಿದ. ಮೊದಲ ಪಂಕ್ತಿ, ಮೊದಲ ಎಲೆ, ಪಕ್ಕದಲ್ಲಿ ಬೆಳ್ಳಿಯ ಲೋಟ. ಎಂಟು ಸಲ ಊರೇ ಎದ್ದು ಕೂತಿತ್ತು, ಅವನ ಎಲೆ ಇದ್ದಲ್ಲೇ ಇತ್ತು. ನಾಚಿಕೆಯಿಂದ ಅವನ ಮುಖ ಬಿಸಿಯಾಯಿತು. ಅಜ್ಜಿಯ ಕೈ ಹಿಡಿದು ತಂದು ಅದೇ ಎಲೆಯ ಮುಂದೆ ಕೂರಿಸಿದ. ಶಲ್ಯವನ್ನು ಸೊಂಟಕ್ಕೆ ಬಿಗಿದು ಸೌಟು ಹಿಡಿದ.

ಈಗ ಉಂಡವರೆಷ್ಟು? ಗೌಡರು ಉಣಿಸಿದಷ್ಟೇ, ಎರಡು ಸಾವಿರದ ಐನೂರ ಇಪ್ಪತ್ತು. ಹತ್ತರಂತೆ ಕೂರಿಸಿ, ಸಮ. ಒಂಬತ್ತರಂತೆ, ಏಳರಂತೆ, ಎರಡರಂತೆ ಕೂರಿಸಿ, ಸಮ. ಒಂದರಿಂದ ಹತ್ತರವರೆಗೆ ಯಾವ ಸಂಖ್ಯೆಯನ್ನೂ ಅದು ಬೇಡ ಅನ್ನುವುದಿಲ್ಲ. ಆ ಹತ್ತಕ್ಕೂ ಹೊಂದುವ ಸಂಖ್ಯೆ ಅದಕ್ಕಿಂತ ಚಿಕ್ಕದು ಇನ್ನೊಂದಿಲ್ಲ. ಶ್ರೀಮಂತ 'ನಾನೊಬ್ಬ' ಎಂದು ಸೇರಿಸಿದ್ದೇ ತಡ, ಎಲ್ಲ ಕೆಟ್ಟಿತ್ತು. ಮೊದಲೇ ಕೆತ್ತಿಸಿಟ್ಟಿದ್ದ ಆ ಕಲ್ಲನ್ನು ಅವನು ಮಠದಲ್ಲಿ ಕೈ ತೊಳೆಯುವ ಜಾಗಕ್ಕೆ ಬೋರಲು ಹಾಸಿಸಿದ.

ನಗುತ್ತಿದ್ದೀರಿ. ತಡೆಯಿರಿ, ನಿಮ್ಮ ಮನೆಗೆ ಬರೋಣ. ಅಲ್ಲಿರುವುದು ನಾಲ್ಕೋ ಐದೋ ಜನ. ಆದರೂ ದಿನಾ ಒಂದು ಎಲೆ ಒಂಟಿಯಾಗಿ ಉಳಿಯುತ್ತದಲ್ಲ? ಎಲ್ಲರಿಗೂ ಬಡಿಸಿ, ಕೊನೆಗೆ ಆರಿದ ಸಾರು ಕಲಸಿಕೊಂಡು ಒಬ್ಬಳೇ ಉಣ್ಣುವವಳು ಯಾರು? ನಿಮ್ಮ ತಟ್ಟೆ ಎಷ್ಟು ವರ್ಷದಿಂದ ಅಲುಗಿಲ್ಲ? ದೊಡ್ಡ ದಾನವೇನೂ ಬೇಡ. ನಾಳೆ ಮಧ್ಯಾಹ್ನ ಅವಳನ್ನು ನಿಮ್ಮ ಜಾಗದಲ್ಲಿ ಕೂರಿಸಿ, ಸೌಟು ನೀವು ಹಿಡಿಯಿರಿ. ಬಿಸಿ ಅನ್ನ ಬಡಿಸಿ, ಉಪ್ಪು ಸಾಕಾ ಎಂದು ಕೇಳಿ.