ಮಾಸ್ತರರು ಬರೆದ ಪರೀಕ್ಷೆ

ಮಹಾರಾಷ್ಟ್ರದ ಸಂಭಾಜಿನಗರದ ಬಸ್ ನಿಲ್ದಾಣದಲ್ಲಿ ಪಕ್ಕದವರ ಕನ್ನಡ ಕಿವಿಗೆ ಬಿತ್ತು. ಸರಕಾರಿ ಶಾಲೆಯ ಮಾಸ್ತರರೊಬ್ಬರು ನೌಕರಿ ಉಳಿಸಿಕೊಳ್ಳಲು ಹಳೆಯ ಶಿಕ್ಷಕರೂ ಪಾಸಾಗಬೇಕಾದ ಪರೀಕ್ಷೆ ಬರೆದು, ಹೆಂಡತಿಯೊಡನೆ ಊರಿಗೆ ಹೊರಟಿದ್ದರು.

"ಪರೀಕ್ಷೆ ನಡಬರಕ ಯಾಕ ಎದ್ದು ತಿರಗ್ಯಾಡಿದ್ರಿ?" ಹೆಂಡತಿ ಕೇಳಿದಳು.

"ರೂಢಿ ನೋಡು. ಯಾರರ ಕಾಪಿ ಹೊಡಿತಾರೇನಂತ ಕಾಲು ತಾವೇ ಎದ್ದವು."

"ನೀವು ಬರಿಯಾಕ ಹೋಗಿದ್ರಿ, ಕಾಯಾಕಲ್ಲ. ಹೊರಗ ಹಾಕಿದ್ರ ನೌಕರಿನೂ ಹೋಗ್ತಿತ್ತು."

"ಕಾಯಾಕ ಬಂದಾಕಿ ನಾ ಕಲಿಸಿದ ಹುಡುಗಿ, ಅಶ್ವಿನಿ."

"ಹಂಗಾರ ಸುಮ್ನ ಬಿಟ್ಟಿರಬೇಕು."

"ಎಲ್ಲಿ ಬಿಡ್ತಾಳ. 'ಸರ್, ಇವತ್ತ ನಾನು ಮೇಡಂ. ಮತ್ತ ಎದ್ರ ಪೇಪರ್ ಕಸ್ಕೋತೀನಿ' ಅಂದ್ಲು."

"ಭಾಳ ಚಲೋ ಕಲಿಸೀರಿ ಬಿಡ್ರಿ. ಸರಕಾರ ಆಕಿನ್ನ ನೋಡಿ ನಿಮಗ ಮಾರ್ಕ್ಸ್ ಕೊಡಬೇಕಿತ್ತು."

ಬಸ್ ಬಂತು. ಮಾಸ್ತರರು ಚೀಲ ಎತ್ತಿಕೊಂಡರು.

"ಕೊಟ್ಟಿದ್ರ ಪಾಸಾಗ್ತಿದ್ದೆ. ನಾ ಬರದದ್ದರ ಮ್ಯಾಲಂತೂ ನಂಬಿಗಿಲ್ಲ," ಎನ್ನುತ್ತ ಬಾಗಿಲ ಕಡೆ ನಡೆದರು.