ಮಿಲಿಟರಿ ಜೀಪಿನ ಪಂಪು

ಸ್ಪೇರ್ ಪಾರ್ಟ್ಸ್ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಅಕ್ಕ, ತಮ್ಮ ನಿಂತಿದ್ದರು. ತಮ್ಮನ ಕೈಯಲ್ಲೊಂದು ಚೀಟಿ.

“ಹಳೇ ಮಿಲಿಟರಿ ಜೀಪು, ಆದ್ರೂ ಫ್ಯೂಯಲ್ ಪಂಪಿನ ನಂಬರು ಅಪ್ಪನಿಗೆ ಬಾಯಿಪಾಠ ಕಣಕ್ಕಾ.”

“ನಿನ್ನೆ ನನ್ನನ್ನೇ ಯಾರಮ್ಮ ನೀನು ಅಂದ್ರು.”

“ಹೊಸ ಪಂಪ್ ಹಾಕಿಸಿಕೊಟ್ರೆ ಸುಮ್ನಾಗ್ತಾರೆ.”

“ಸುಮ್ನಾಗಲ್ಲ, ಓಡಿಸ್ತಾರೆ. ಹೋದ ತಿಂಗಳು ದಾರಿ ತಪ್ಪಿದಾಗ ಎಲ್ಲೆಲ್ಲಿ ಹುಡುಕಿದ್ವಿ, ಮರೆತ್ಯಾ? ಆ ಪಂಪು ಕೆಟ್ಟಿದ್ದೇ ಒಳ್ಳೇದಾಯ್ತು.”

“ಮತ್ತೆ ಇದನ್ನ ತರೋಕೆ ಕಳಿಸಿದ ಅಪ್ಪನಿಗೆ ಏನು ಹೇಳ್ಲಿ?”

“ಸಿಗಲಿಲ್ಲ ಅನ್ನು. ಅವರು ಫೋನ್ ಮಾಡಿದ್ರೂ ಹಾಗೇ ಹೇಳಿ ಅಂತ ಅಂಗಡಿಯವರಿಗೂ ಹೇಳಿಟ್ಟು ಹೋಗೋಣ.”

ಅವರ ಸರದಿ ಬಂತು. ಅಂಗಡಿಯವನು ಚೀಟಿ ನೋಡಿ ನಕ್ಕ.

“ನಿಮ್ಮ ತಂದೆಯವರ ಅಕ್ಷರ ಅಲ್ವಾ? ನಿನ್ನೆ ಅವರೇ ನಡ್ಕೊಂಡು ಬಂದು ಈ ಪಂಪು ತಗೊಂಡು ಹೋದ್ರಲ್ಲ!”

“ನಿನ್ನೆನಾ?”

“ಹೂಂ. ಮಕ್ಕಳು ನನಗೆ ಜೀಪು ಮುಟ್ಟೋಕೆ ಬಿಡಲ್ಲ, ನಾಳೆ ಅವರನ್ನ ಹೊರಗೆ ಕಳಿಸಿ ನಾನೇ ಕೂರಿಸ್ತೀನಿ ಅಂದ್ರು.”

ಅಕ್ಕ ತಮ್ಮನ ತೋಳು ಹಿಡಿದಳು.

“ಜೀಪಿನ ಕೀ ನಿನ್ನ ಹತ್ರಾನೇ ಇದೆ ತಾನೇ?”

“ಮಿಲಿಟರಿ ಜೀಪಿಗೆ ಕೀ ಎಲ್ಲಿರುತ್ತೆ ಅಕ್ಕಾ? ಸ್ವಿಚ್ ತಿರುಗಿಸಿದ್ರೆ ಸಾಕು.”

ಚೀಟಿಯನ್ನು ಕೌಂಟರಿನ ಮೇಲೇ ಬಿಟ್ಟು ಇಬ್ಬರೂ ಓಡಿದರು.