ಮನಸ್ನ್ಯಾಗ ಬಂದದ್ದು ಹೇಳ್ರಿ ಅಕ್ಕಾ

…ನಗಬ್ಯಾಡ! ಹೊಟ್ಟಿಕಿಚ್ಚಂತ! ನನಗ್ಯಾಕ ಹೊಟ್ಟಿಕಿಚ್ಚು? ಆ ಗ್ಯಾಸ್ ಆ್ಯಪಿನ ಅಮೃತಾ ಏನ್ ಗಂಡಸಾ? ಗಂಡಸಾಗಿದ್ರ ಕಾಲರ್ ಹಿಡದು ಕೇಳ್ತಿದ್ದೆ, 'ಯಾಕಪಾ, ನನ್ನ ಹೆಂಡ್ತಿ ಕೂಡ ಅಷ್ಟೊತ್ತು ಏನ್ ಮಾತು' ಅಂತ. ಇದು ನನ್ನ ತಂಗಿ ವಯಸ್ಸಿನ ಹುಡುಗಿ. ಯಾರ ಮ್ಯಾಲ ಸಿಟ್ಟಾಗ್ಲಿ ಹೇಳು?

ಬಾಗ್ಲಕಡೆ ನೋಡಬ್ಯಾಡ ಸುಕನ್ಯಾ. ಬರೂದಿಲ್ಲ ಆಕಿ. ಇವತ್ತ ಬರ್ತೀನಂದಿದ್ಲು, ಖರೆ. ಆ್ಯಪ್ ಹೊಸಾದ್ ಮಾಡಿ ಮೊದ್ಲ ನಿನಗ ತೋರಸ್ತೀನಂದಿದ್ಲು, ಅದೂ ಖರೆ. ಮಂದಿ ಅಂತಾರ… ಅಂದದ್ದೆಲ್ಲಾ ಮಾಡ್ತಾರೇನು? ನೀ ನೋಡಿದ್ರ ಹೊಸಾ ಸೀರಿ ಉಟ್ಟು, ಮಂಡಕ್ಕಿ ಒಗ್ಗರಣಿ ಮಾಡಿ ಮುಚ್ಚಿಟ್ಟು ಕುಂತೀದಿ. ನಾ ರೈಸ್ ಮಿಲ್ಲಿಂದ ಬರೂ ಹೊತ್ತಿಗೆ ಒಂದಿನಾನರ ಹಿಂಗ ಬಾಗ್ಲ ಕಾದಿದ್ದುಂಟಾ? ಇವತ್ತ ಮೈಯಾಗ ಆರಾಮಿಲ್ಲಂತ ಮನ್ಯಾಗ ಉಳದೇನಿ, ಹೆಂಗದೀರಿ ಅಂತೂ ಕೇಳಲಿಲ್ಲ ನೀ.

ಏನೈತಿ ಅಂಥಾದ್ದು? ಸಿಲಿಂಡರ್ ಬುಕ್ ಮಾಡೂ ಒಂದು ಆ್ಯಪ್! ಬುಕ್ ಮಾಡೂ ಬಟನ್ ಎಲ್ಲೋ ತೆಳಗ ಮೂಲ್ಯಾಗ, ಮ್ಯಾಲ ಇಷ್ಟಗಲ ಜಾಹೀರಾತು. ನೀ ಜಾಹೀರಾತು ಒತ್ತಿ, ಬುಕ್ ಆತು ಅಂತ ಕುಂತಿ. ನಿಮ್ಮವ್ವ ನಿಮ್ಮಪ್ಪ ಬಂದ ದಿನಾನ ಗ್ಯಾಸ್ ಖಾಲಿ. ಅವ್ರ ಮುಂದ ನಾ ಏನೋ ಅಂದೆ… 'ನಿನಗೇನ್ ತಿಳಿತೈತಿ, ಕೊಡಿಲ್ಲಿ ಫೋನ್' ಅಂದೆ. ಅದೇನ್ ಬೈಗಳಾ? ಯಾವ ಗಂಡ ಅನ್ನೂದಿಲ್ಲ? ಅವತ್ತಿಂದ ನಾನ ಬುಕ್ ಮಾಡ್ತೇನಿ. ಛಲೋ ನಡದಿತ್ತಪಾ!

ಈಕಿ ಬಂದ್ಲು. 'ಆ್ಯಪ್ ಸುಧಾರಸಾಕತ್ತೇವ್ರಿ, ಬಳಸೂ ಮಂದೀನ ಕೇಳ್ತೇವ್ರಿ' ಅಂತ. ನಾ ಕುರ್ಚಿ ಹಾಕಿದೆ. ನನ್ನ ಕೇಳ್ರಿ, ನಾನ ಬುಕ್ ಮಾಡಾಂವ ಅಂದೆ. 'ನಿಮಗ ಬರ್ತೈತಲ್ರಿ ಅಣ್ಣಾ. ನನಗ ಬರದವ್ರು ಬೇಕು' ಅಂದ್ಲು! ಬರಾಂವ ಹೊರಗ, ಬರದಾಕಿ ಒಳಗ… ಎಲ್ಲಿ ನ್ಯಾಯ ಇದು? ಅಡಗಿಮನ್ಯಾಗ ನಿನ್ನ ಮುಂದ ನೆಲದ ಮ್ಯಾಲ ಕುಂತು, 'ಬುಕ್ ಮಾಡ್ರಿ ಅಕ್ಕಾ, ಮಾಡೂ ಮುಂದ ಮನಸ್ನ್ಯಾಗ ಏನ್ ಬರ್ತೈತಿ, ಅದನ್ನ ಬಾಯಿಬಿಟ್ಟು ಹೇಳ್ರಿ' ಅಂದ್ಲು.

ನಾ ಕಟ್ಟಿ ಮ್ಯಾಲ ಕುಂತು ಕೇಳಿದೆ. ಕದ್ದಲ್ಲ! ನನ್ನ ಮನಿ ಕಟ್ಟಿ ಅದು. 'ಈ ಬಟನ್ ನಮ್ಮ ನಾದಿನಿ ಇದ್ದಂಗೈತ್ರಿ, ಬಾ ಬಾ ಅಂತಾಳ, ಬಾಗ್ಲ ಮಾತ್ರ ತಗಿಯೂದಿಲ್ಲ' ಅಂದಿ. ನನ್ನ ತಂಗೀಗೆ ಅಂದಿ! ಆದ್ರೂ ನನಗ ನಗಿ ಬಂತು, ಯಾಕಂದ್ರ ಖರೆ ಐತಿ. ಆಮ್ಯಾಲ… ಹೌದು, ಹೊಟ್ಟಿಕಿಚ್ಚ! ಆತಿಲ್ಲೋ? ಇಷ್ಟು ವರ್ಷದಾಗ ನನ್ನ ಮುಂದ ಒಂದ್ ಸಲಾನೂ ಹಂಗ ಮಾತಾಡಿಲ್ಲ ನೀ. ನನಗ 'ಹೂಂ'. ನನಗ 'ಉಣ್ಣಾಕ ಬರ್ರಿ'. ಆಕಿಗೆ ಕಥಿ!

ಮತ್ತ ನೀ ಅದ ಜಾಹೀರಾತು ಒತ್ತಿದಾಗ ಆಕಿ ಅಂದ್ಲಲ್ಲಾ… 'ತಪ್ಪು ನಿಮ್ದಲ್ಲ ಅಕ್ಕಾ, ಆ್ಯಪಿಂದು' ಅಂತ. ನೀ ಸೆರಗಿಲೆ ಕಣ್ಣ ಒರಸ್ಕೊಂಡಿ. ಕಿಡಕ್ಯಾಗಿಂದ ನೋಡಿದೆ. ಅಷ್ಟಕ್ಕ ಅಳೂದಾ?

ಹೋಗ್ಲಿ ಬಿಡು. ಗಂಗಾವತ್ಯಾಗ ಇನ್ಯಾರೋ ಸಿಕ್ಕಿರಬೇಕು. ಆಕಿಗೆ ನೀನಾದ್ರೇನು, ಬಾಜೂಮನಿ ಖಾಜಾಬೀ ಆದ್ರೇನು? ಹೊಸಾದ್ರಾಗರ ಏನ್ ಘನಂದಾರಿ ಐತಿ? ಬುಕ್ ಮಾಡೂ ಬಟನ್ ಮ್ಯಾಲ ತಂದಾಳ, ದೊಡ್ಡದು ಮಾಡ್ಯಾಳ, ಬುಕ್ ಆತಂದ್ರ ಒಂದು ಕೆಂಪು ಸಿಲಿಂಡರ್ ಚಿತ್ರ ಬರ್ತೈತಿ. ನೀ ಹೇಳಿದಂಗ. ಅಷ್ಟ…

ಯಾಕ?

ಯಾಕ ಹಂಗ ನೋಡ್ತಿ?

ಯಾರೋ ಅಂದ್ರು… ಮಿಲ್ಲಿನ್ಯಾಗ ಮಾತಾಡಾಕತ್ತಿದ್ರು… ಇಲ್ಲ, ಇವತ್ತ ಮಿಲ್ಲಿಗೆ ಎಲ್ಲಿ ಹೋಗೇನಿ ನಾ… ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡ್ಕೊಂಡ್ನಂತ. ನೀ ಕಳ್ಳ ಅಂತನೂ ಅಂದಿಲ್ಲ, ನಾನ ಹೆಗಲ ಒರಸ್ಕೊಳ್ಳಾಕತ್ತೇನಿ.

ಹೂಂ. ಬಂದಿದ್ಲು. ನೀ ಮಂಡಕ್ಕಿ ತರಾಕ ಅಂಗಡಿಗೆ ಹೋಗಿದ್ದಿ. 'ಅಕ್ಕಾ ಹೇಳಿದ್ದೆಲ್ಲಾ ಮಾಡೇವ್ರಿ ಅಣ್ಣಾ' ಅಂತ ಖುಷೀಲೆ ಫೋನ್ ತಗದು ನನಗ ತೋರಿಸಿದ್ಲು. ನಾ… 'ಸುಕನ್ಯಾ ಕುಷ್ಟಗಿಗೆ ತವರಮನಿಗೆ ಹೋಗ್ಯಾಳ, ಇನ್ನ ಮುಂದ ಬರಬ್ಯಾಡಂತ ಹೇಳ್ಯಾಳ' ಅಂದುಬಿಟ್ಟೆ. ಮೈಯಾಗ ಆರಾಮಿಲ್ಲಂದದ್ದೂ ಸುಳ್ಳ.

ಬೈ ನನ್ನ. ಆ ಮಂಡಕ್ಕಿ ಮಾರಿಗೆ ಒಗಿ. ಫೋನ್ ತಗೋ, ನೀನ ಇಟ್ಕೊ, ನೀನ ಬುಕ್ ಮಾಡು. ಸುಮ್ನ ಕುಂದರಬ್ಯಾಡ ಅಷ್ಟ…

ನೋಡಿಲ್ಲೆ, ಆಕಿ ಕುಂತಲ್ಲೇ ಕುಂತೇನಿ, ನೆಲದ ಮ್ಯಾಲ. ನಡುವ ಬಾಯಿ ಹಾಕೂದಿಲ್ಲ. ಹೆಂಗ ಕೇಳ್ತಿದ್ಲು ಆಕಿ… 'ಇದನ್ನ ನೋಡಿದ್ರ ನಿಮಗ ಏನನಸ್ತೈತ್ರಿ ಅಕ್ಕಾ' ಅಂತಿದ್ಲಲ್ಲಾ…

ಸುಕನ್ಯಾ, ನನ್ನ ನೋಡಿದ್ರ ನಿನಗ ಏನನಸ್ತೈತಿ?

ಮನಸ್ನ್ಯಾಗ ಏನ್ ಬರ್ತೈತಿ, ಅದನ್ನ ಹೇಳು…

ಏನರ ಒಂದು ಹೇಳು…